ಮಗನ ಹರೆಯ, ತಂದೆಯ ಮುಪ್ಪು

ಮಹಾಭಾರತದ ಆದಿಪರ್ವದಲ್ಲಿ ಬರುವ ಯಯಾತಿಯ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡರಿದ ಅರಸನು ತನ್ನ ಐವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಹರೆಯವನ್ನು ಬೇಡುತ್ತಾನೆ. ನಾಲ್ವರು ಒಲ್ಲೆನೆನ್ನುತ್ತಾರೆ, ಕಿರಿಯನಾದ ಪೂರು ಒಪ್ಪುತ್ತಾನೆ. ಸಾವಿರ ವರ್ಷ ಭೋಗಿಸಿಯೂ ತೃಪ್ತಿ ಕಾಣದ ತಂದೆಯು ಕೊನೆಗೆ ಹರೆಯವನ್ನು ಮರಳಿಸಿ, ಮಗನಿಗೆ ಪಟ್ಟ ಕಟ್ಟಿ ಕಾಡಿಗೆ ತೆರಳುತ್ತಾನೆ. ವಿಧೇಯತೆಗೆ ಸಿಂಹಾಸನವೇ ಬಹುಮಾನ. ಪಿತೃಭಕ್ತಿಯ ನಿದರ್ಶನವೆಂದೇ ಹಿರಿಯರು ಇದನ್ನು ಹೇಳಿಕೊಂಡು ಬಂದಿದ್ದಾರೆ. ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವು ಇದೇ ಕಥೆಯನ್ನು ಎತ್ತಿಕೊಂಡು ಆ ಬಹುಮಾನವನ್ನು ಮಾತ್ರ ತೆಗೆದುಹಾಕಿತು.

ಧಾರವಾಡದ ಮನೋಹರ ಗ್ರಂಥಮಾಲೆಯಿಂದ 1961ರಲ್ಲಿ ಈ ಕೃತಿ ಹೊರಬಂದಾಗ ಕಾರ್ನಾಡರಿಗೆ ಇಪ್ಪತ್ಮೂರು ವರ್ಷ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟು ನಿಂತ ದಿನಗಳಲ್ಲಿ ಅವರು ಇದನ್ನು ಬರೆದರು. ದೂರದೇಶಕ್ಕೆ ಹೋದ ಮಗ ಮರಳುವನೋ ಇಲ್ಲವೋ ಎಂಬ ಕಳವಳ ಮನೆಯವರಿಗೆ. ಹೋಗಲೇಬೇಕೆಂಬ ಹಂಬಲ ಮಗನಿಗೆ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದುಕೊಂಡಿದ್ದ ತರುಣನ ಕೈಯಿಂದ ಆ ಹೊತ್ತಿನಲ್ಲಿ ಬಂದದ್ದು ಕನ್ನಡ ನಾಟಕ, ಅದೂ ಪುರಾಣದ ವಸ್ತು. ತಮ್ಮ ಭವಿಷ್ಯವನ್ನು ತ್ಯಾಗ ಮಾಡಲು ಕೇಳುತ್ತಿದ್ದವರ ಮೇಲಿನ ಅಸಮಾಧಾನವೇ ಈ ಕಥೆಯಲ್ಲಿ ರೂಪ ಪಡೆಯಿತೆಂದು ಅವರು ಮುಂದೆ ತಾವೇ ಹೇಳಿಕೊಂಡಿದ್ದಾರೆ.

ಸೂತ್ರಧಾರನನ್ನು ಬಿಟ್ಟರೆ ನಾಟಕದಲ್ಲಿ ಆರೇ ಪಾತ್ರಗಳು: ಯಯಾತಿ, ದೇವಯಾನಿ, ಶರ್ಮಿಷ್ಠೆ, ಪೂರು, ಅವನ ನವವಧು ಚಿತ್ರಲೇಖೆ, ದಾಸಿ ಸ್ವರ್ಣಲತೆ. ಅರಮನೆಯ ಒಳಕೋಣೆಯೊಂದರಲ್ಲಿ ಎಲ್ಲವೂ ನಡೆದುಹೋಗುತ್ತದೆ. ಯುದ್ಧವಿಲ್ಲ, ಆಸ್ಥಾನವಿಲ್ಲ, ಪರಿವಾರವಿಲ್ಲ. ಅರಸುಮನೆಯ ಕಥೆಯಾದರೂ ಇದು ಕೇವಲ ಮನೆಯ ಕಥೆಯಾಗಿ ಕಾಣುವುದು ಈ ಮಿತವ್ಯಯದಿಂದಲೇ. ಅತ್ತೆ, ಸೊಸೆ, ಮಾವ, ಮಗ, ಮನೆಗೆಲಸದವಳು: ಇಷ್ಟೇ ಜನರ ನಡುವೆ ಮಾತು ಸುತ್ತುತ್ತದೆ, ಹೊರಗೆ ಹೋಗಲು ಯಾರಿಗೂ ಬಾಗಿಲಿಲ್ಲ.

ನಾಟಕಕಾರರು ಮಾಡಿದ ಮುಖ್ಯ ಮಾರ್ಪಾಟೊಂದನ್ನು ಗಮನಿಸಬೇಕು. ಮೂಲದಲ್ಲಿ ತಂದೆಯು ಬಾಯಿಬಿಟ್ಟು ಕೇಳುತ್ತಾನೆ. ಇಲ್ಲಿ ಪೂರು ತಾನಾಗಿಯೇ ಮುಂದೆ ಬರುತ್ತಾನೆ. ವಂಶದ ಹಿರಿಮೆಗೆ ತಾನು ಸಾಲನೆಂಬ ಕೀಳರಿಮೆಯಲ್ಲಿ ಬೆಳೆದ ಮಗ ಅವನು; ಪೂರ್ವಜರ ಪರಾಕ್ರಮದ ಮಾತುಗಳು ಅವನನ್ನು ಕುಗ್ಗಿಸಿವೆ. ತಂದೆಯ ಮುಪ್ಪನ್ನು ಹೊರುವುದೊಂದೇ ತನ್ನಿಂದಾಗಬಲ್ಲ ದೊಡ್ಡ ಕೆಲಸವೆಂದು ಅವನಿಗೆ ತೋರುತ್ತದೆ. ಬೇಡವೆಂದು ತಡೆಯಲು ಯತ್ನಿಸುವವಳು ಶರ್ಮಿಷ್ಠೆ. ಯಯಾತಿಯೋ, ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾನೆ. ಒತ್ತಾಯ ಮಾಡಲಿಲ್ಲವಲ್ಲ ಎಂಬ ಸಮಾಧಾನ ಅವನಿಗೆ ಉಳಿಯುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ತಂದೆತಾಯಿಗಳು ಮಗನನ್ನು ವೈದ್ಯನಾಗೆಂದು, ಅಂಗಡಿಗೆ ಬಂದು ಕೂಡೆಂದು ಕಟ್ಟಪ್ಪಣೆ ಮಾಡಿರುವುದಿಲ್ಲ. ನೆರೆಮನೆಯ ಹುಡುಗನ ಅಂಕಗಳ ಮಾತು, ಅಜ್ಜನು ಕಷ್ಟಪಟ್ಟು ಗಳಿಸಿದ ಹೊಲದ ಮಾತು, ಊಟದ ಹೊತ್ತಿನ ಒಂದು ನಿಟ್ಟುಸಿರು, ಇಷ್ಟೇ ಸಾಕಾಗುತ್ತದೆ. ಆ ಮಾತನಾಡದ ಒತ್ತಾಯವನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದ ನಾಟಕಗಳು ನಮ್ಮಲ್ಲಿ ಹೆಚ್ಚಿಲ್ಲ.

ಆದರೆ ನಾಟಕವನ್ನು ಎತ್ತಿ ನಿಲ್ಲಿಸುವವಳು ಪೂರುವಲ್ಲ, ಚಿತ್ರಲೇಖೆ. ಮೂಲಕಥೆಯಲ್ಲಿ ಅವಳಿಲ್ಲ, ಅವಳು ಕಾರ್ನಾಡರ ಸೃಷ್ಟಿ. ಗಂಡನು ಮಾಡಿದ ತ್ಯಾಗವನ್ನು ಕೇಳಿ ಮೊದಲು ಹೆಮ್ಮೆಪಡುತ್ತಾಳೆ. ದೀಪದ ಬೆಳಕಿನಲ್ಲಿ ಅವನ ಮುಖ ಕಂಡೊಡನೆ ಹೌಹಾರಿ ಹಿಮ್ಮೆಟ್ಟುತ್ತಾಳೆ. ಪತ್ನೀಧರ್ಮವನ್ನು ಬೋಧಿಸಲು ಬಂದ ಮಾವನಿಗೆ ಅವಳು ಕೊಡುವ ಉತ್ತರದಲ್ಲಿ ಕಠೋರವಾದ ತರ್ಕವಿದೆ: ನಾನು ವರಿಸಿದ ಯೌವನ ಈಗ ನಿಮ್ಮಲ್ಲಿದೆ, ಹಾಗಾದರೆ ನನ್ನ ಗತಿಯೇನು? ಸಂಪ್ರದಾಯಸ್ಥ ಪ್ರೇಕ್ಷಕರು ಇಲ್ಲಿ ಮುಜುಗರಪಡುವುದು ಸಹಜ. ಅಶ್ಲೀಲವೆಂದು ತಳ್ಳಿಹಾಕಿದರೆ ಮಾತ್ರ ಅದು ಅನ್ಯಾಯವಾದೀತು. ತಂದೆಮಗನ ಒಪ್ಪಂದದಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂಬುದನ್ನು ಬೇರೆ ಯಾವ ಮಾತೂ ಅಷ್ಟು ನೇರವಾಗಿ ಹೇಳಲಾರದು. ವಿಷ ಕುಡಿದು ಅವಳು ಸಾಯುತ್ತಾಳೆ. ಪುರಾಣದ ಸಾವಿರ ವರ್ಷಗಳ ಭೋಗವು ಇಲ್ಲಿ ಕೆಲವೇ ಗಳಿಗೆಗಳಲ್ಲಿ ಮುಗಿದು, ಯಯಾತಿಯು ಮುಪ್ಪನ್ನು ಮರಳಿ ಪಡೆಯುತ್ತಾನೆ.

ದೋಷಗಳೂ ಇಲ್ಲದಿಲ್ಲ. ಯಯಾತಿಯ ಮನಃಪರಿವರ್ತನೆ ಅತಿ ಶೀಘ್ರವಾದುದು; ಸೊಸೆಯ ಸಾವು ಅವನನ್ನು ಒಳಗಿನಿಂದ ಮುರಿದ ಬಗೆಯನ್ನು ನೋಡುವ ಅವಕಾಶ ನಮಗೆ ದೊರೆಯುವುದಿಲ್ಲ. ಪಾತ್ರಗಳು ಅನುಭವಿಸುವುದಕ್ಕಿಂತ ವಾದಿಸುವುದೇ ಹೆಚ್ಚು. ಆಗ ತರುಣರ ಕೈಗಳಲ್ಲಿ ಓಡಾಡುತ್ತಿದ್ದ ಪಾಶ್ಚಾತ್ಯ ಅಸ್ತಿತ್ವವಾದದ ನೆರಳು ಪೂರುವಿನ ಮಾತುಗಳ ಮೇಲೆ ದಟ್ಟವಾಗಿ ಬಿದ್ದಿದೆ. ಗಂಡನ ಸಂಶಯದಲ್ಲಿ ಬೆಂದುಹೋದ ಸ್ವರ್ಣಲತೆಯ ಉಪಕಥೆ ಮನ ಕಲಕುವಂತಹುದೇ, ಆದರೆ ಮುಖ್ಯ ಕಥೆಗೆ ಅದು ಪೂರ್ತಿ ಹೆಣೆದುಕೊಂಡಿಲ್ಲ. ಇಪ್ಪತ್ಮೂರರ ಲೇಖಕನ ಕೋಪವು ತಂದೆಯನ್ನು ಅರ್ಥಮಾಡಿಕೊಳ್ಳಲು ಸಾಕಷ್ಟು ತಾಳ್ಮೆ ತೋರಿಲ್ಲ.

ಆ ತಾಳ್ಮೆ ಬಂದದ್ದು ಬಹಳ ತಡವಾಗಿ. ಬಸವಣ್ಣನವರ ಕಾಲದ ಕಲ್ಯಾಣವನ್ನು ಕುರಿತ ‘ತಲೆದಂಡ’ವನ್ನು ಕಾರ್ನಾಡರು 1990ರಲ್ಲಿ ಬರೆದರು, 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಆ ನಾಟಕದ ಕೆಲವು ಚಿತ್ರಣಗಳ ಬಗ್ಗೆ ಶರಣಬಂಧುಗಳಲ್ಲಿ ಭಿನ್ನಾಭಿಪ್ರಾಯ ಇರಬಹುದು. ಅದು ತೆರೆದುಕೊಳ್ಳುವುದು ಅರಮನೆಯಲ್ಲೂ ಅಲ್ಲ, ಮಹಾಮನೆಯಲ್ಲೂ ಅಲ್ಲ. ಅಗ್ರಹಾರದ ಮನೆಯೊಂದರಲ್ಲಿ ಮರಣಶಯ್ಯೆಯಲ್ಲಿರುವ ತಂದೆ ಸಾಂಬಶಿವ ಶಾಸ್ತ್ರಿಯು ಶರಣನಾದ ಮಗ ಜಗದೇವನಿಗಾಗಿ ಹಂಬಲಿಸುವ ದೃಶ್ಯದಿಂದ. ಇಲ್ಲಿ ಮಗನು ಹೊರೆ ಹೊರಲು ನಿರಾಕರಿಸಿದವನು, ಸಂಕಟ ತಂದೆಯದು. ಪೂರುವನ್ನು ಸೃಷ್ಟಿಸಿದ ಕೈಯೇ ಸುಮಾರು ಮೂವತ್ತು ವರ್ಷಗಳ ಬಳಿಕ ಆ ಮುದುಕನ ಕೂಗನ್ನು ಬರೆಯಿತು. ಹುಟ್ಟಿದ ಮನೆಯ ಆಚಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದ ಬಸವಣ್ಣನವರನ್ನು, ಉಡುತಡಿಯನ್ನು ಬಿಟ್ಟು ಹೊರಟ ಅಕ್ಕಮಹಾದೇವಿಯನ್ನು ನಿತ್ಯ ಸ್ಮರಿಸುವ ನಮಗೆ ಜಗದೇವನ ನಿರಾಕರಣೆ ಹೊಸದಲ್ಲ. ಹಾಗಿದ್ದೂ ನಮ್ಮ ಮಕ್ಕಳು ಮನೆಯಲ್ಲಿ ‘ಒಲ್ಲೆ’ ಎಂದರೆ ಅದೇ ಕಿವಿಗಳಿಗೆ ಅದು ಅಪಚಾರವಾಗಿ ಕೇಳಿಸುವುದು ವಿಚಿತ್ರ.

ಹವ್ಯಾಸಿ ತಂಡಗಳಿಗೆ ‘ಯಯಾತಿ’ ಸುಲಭವಾಗಿ ಕಾಣುತ್ತದೆ: ಕಡಿಮೆ ಪಾತ್ರ, ಒಂದೇ ಕೋಣೆ, ಕಡಿಮೆ ಖರ್ಚು. ಪೂರುವಿಗೆ ಬಿಳಿ ಗಡ್ಡ ಅಂಟಿಸಿ ಬೆನ್ನು ಬಾಗಿಸಿದರೆ ಮುಪ್ಪು ಬಂದಿತೆಂದು ತಿಳಿಯುವ ನಿರ್ದೇಶಕರು ಮಾತ್ರ ಇದರ ಗೋಜಿಗೆ ಹೋಗದಿರುವುದು ಲೇಸು. ಸಭೆಗೆ ಮುಪ್ಪು ಕಾಣಬೇಕಾದದ್ದು ದೀಪ ಹಿಡಿದು ನಿಂತ ಚಿತ್ರಲೇಖೆಯ ಕಣ್ಣುಗಳಲ್ಲಿ.