ಸೋರುವ ಮನೆಯ ಹೊಣೆ

ಬಾಡಿಗೆಯ ಮನೆಯನ್ನು ಕುರಿತು ಮಾಲೀಕರಿಗೂ ಬಾಡಿಗೆದಾರರಿಗೂ ನಡುವೆ ಏಳುವ ವ್ಯಾಜ್ಯಗಳು ಹಲವು ಬಗೆಯವಾದರೂ, ಅವುಗಳಲ್ಲಿ ನೀರಿನಿಂದ ಹುಟ್ಟುವ ವ್ಯಾಜ್ಯವು ಎಲ್ಲಕ್ಕಿಂತ ಕ್ಲಿಷ್ಟವಾದುದು. ಬಾಡಿಗೆ ಬಾಕಿ ಉಳಿದಿದ್ದರೆ ಲೆಕ್ಕವೇ ಅದನ್ನು ತೋರಿಸುತ್ತದೆ. ಮನೆ ತೆರವು ಮಾಡುವ ಗಡುವು ಮೀರಿದ್ದರೆ ತಾರೀಖೇ ಅದಕ್ಕೆ ಸಾಕ್ಷಿ. ಗೋಡೆ ಒದ್ದೆಯಾಗಿ, ಬಣ್ಣ ಹಕ್ಕಳೆಯೆದ್ದು, ಬೀರುವಿನ ಹಿಂಬದಿಯಲ್ಲಿ ಬೂಷ್ಟು ಹಬ್ಬಿ, ಮಂಚದ ಕೆಳಗಿಟ್ಟ ಪುಸ್ತಕದ ಗಂಟು ನೆಂದುಹೋದಾಗ ಮಾತ್ರ, ನೀರು ಎಲ್ಲಿಂದ ಬಂದಿತು, ಎಷ್ಟು ಕಾಲದಿಂದ ಬರುತ್ತಿತ್ತು, ಯಾರ ಅಲಕ್ಷ್ಯದಿಂದ ಬಂದಿತು ಎಂಬ ಮೂರು ಪ್ರಶ್ನೆಗಳಿಗೂ ಉತ್ತರವು ಗಾರೆಯ ಒಳಗೆ ಅಡಗಿರುತ್ತದೆ. ಕಣ್ಣಿಗೆ ಕಾಣದ ಕಾರಣದ ವಿಷಯದಲ್ಲಿ ಉಭಯ ಪಕ್ಷದವರೂ ತಮತಮಗೆ ಅನುಕೂಲವಾದುದನ್ನೇ ಪ್ರಾಮಾಣಿಕವಾಗಿ ನಂಬುತ್ತಾರೆ. ಆದುದರಿಂದಲೇ ಈ ಜಗಳಗಳು ಅಷ್ಟು ಕಹಿಯಾಗುತ್ತವೆ.

ಬೆಂಗಳೂರಿನಲ್ಲಿ ಮಳೆಯ ಭರಾಟೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಧಿಕ. ಆ ದಿನಗಳಲ್ಲಿ ನಗರದ ಬಾಡಿಗೆ ಮನೆಗಳಲ್ಲಿ ನಡೆಯುವ ಸಂಭಾಷಣೆ ಬಹುಮಟ್ಟಿಗೆ ಒಂದೇ ತೆರನಾದುದು. ‘ಸಾರ್, ರೂಮಿನ ಗೋಡೆಯಲ್ಲಿ ನೀರು ಇಳೀತಾ ಇದೆ’ ಎಂದು ಬಾಡಿಗೆದಾರರು ಫೋನಿನಲ್ಲಿ ಹೇಳುತ್ತಾರೆ. ‘ಮಳೆ ನಿಲ್ಲಲಿ, ಮೇಸ್ತ್ರಿ ಕಳಿಸ್ತೀನಿ’ ಎಂದು ಮಾಲೀಕರು ಉತ್ತರಿಸುತ್ತಾರೆ. ಮಳೆ ನಿಲ್ಲುತ್ತದೆ, ಗೋಡೆ ಒಣಗುತ್ತದೆ, ಮೇಸ್ತ್ರಿಯ ಮಾತು ಮರೆತುಹೋಗುತ್ತದೆ. ಹೀಗೆ ಎರಡು ಮೂರು ಮಳೆಗಾಲಗಳು ಕಳೆದ ಮೇಲೆ ಬಾಡಿಗೆದಾರರು ಮನೆ ಬಿಡುವ ದಿನ ಬರುತ್ತದೆ. ಆಗ ಮಾಲೀಕರು ಕೆಟ್ಟ ಗೋಡೆಯನ್ನೂ ಉಬ್ಬಿದ ಕಪಾಟಿನ ಬಾಗಿಲನ್ನೂ ನೋಡಿ, ದುರಸ್ತಿಗೆ ತಗಲುವ ಹಣವನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದಾಗಿ ಹೇಳುತ್ತಾರೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲ ನಡೆದುಬಂದ ಊರಿನಲ್ಲಿ, ಹಣವೆಲ್ಲವೂ ಒಬ್ಬರ ಕೈಯಲ್ಲಿದ್ದು ಇನ್ನೊಬ್ಬರಲ್ಲಿ ಬರಿಯ ಬಾಯಿಮಾತು ಉಳಿದಿರುವಾಗ, ನ್ಯಾಯದ ತಕ್ಕಡಿ ಯಾವ ಕಡೆಗೆ ವಾಲುವುದೆಂಬುದನ್ನು ವಿವರಿಸಬೇಕಾದುದಿಲ್ಲ.

ಜಗಳಕ್ಕೆ ಮುಂಚೆ ಕಾರಣವನ್ನು ಅರಸುವುದು ವಿವೇಕ. ಏಕೆಂದರೆ ಹೊಣೆಯು ಕಾರಣವನ್ನು ಅನುಸರಿಸಿ ಬರುತ್ತದೆಯೇ ಹೊರತು ಕಲೆ ಬಿದ್ದ ಸ್ಥಳವನ್ನು ಅನುಸರಿಸಿ ಅಲ್ಲ. ನೀರು ಇಳಿಜಾರನ್ನೂ ಬಿರುಕನ್ನೂ ಹುಡುಕಿಕೊಂಡು ಹರಿಯುವುದರಿಂದ, ಅದು ಒಳಹೊಕ್ಕ ಸ್ಥಳವೊಂದು, ಕಾಣಿಸಿಕೊಂಡ ಸ್ಥಳ ಮತ್ತೊಂದು ಆಗಿರುವುದು ತೀರ ಸಾಮಾನ್ಯ. ಮಳೆ ಬಂದಾಗ ಮಾತ್ರ ತೋರಿ ಬೇಸಗೆಯಲ್ಲಿ ಮಾಯವಾಗುವ ತೇವವು ತಾರಸಿಯಿಂದಲೋ ಹೊರಗೋಡೆಯ ಬಿರುಕಿನಿಂದಲೋ ಬಂದುದೆಂದು ಊಹಿಸಬಹುದು. ತಾರಸಿಗೆ ಸರಿಯಾದ ವಾಟ ಇಲ್ಲದಿರುವುದು, ಮುಂದೆ ಮಹಡಿ ಕಟ್ಟುವ ಆಸೆಯಿಂದ ಕಂಬಗಳ ತುದಿಯಲ್ಲಿ ಬಿಟ್ಟ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಕಾಂಕ್ರೀಟನ್ನು ಒಡೆಯುವುದು, ಸೋಲಾರ್ ಹೀಟರಿನ ಕಾಲುಗಳನ್ನು ನಿಲ್ಲಿಸಲು ತಾರಸಿಯನ್ನು ಕೊರೆದು ಆ ರಂಧ್ರವನ್ನು ಸರಿಯಾಗಿ ಮುಚ್ಚದಿರುವುದು, ಇವೆಲ್ಲ ನಮ್ಮ ಊರಿನ ಮನೆಗಳಲ್ಲಿ ನಿತ್ಯವೂ ಕಾಣುವ ದೋಷಗಳು. ವರ್ಷವಿಡೀ, ಕಡುಬೇಸಗೆಯಲ್ಲಿಯೂ, ಒಂದೇ ಸಮನಾಗಿ ಉಳಿಯುವ ಒದ್ದೆಯು ಗೋಡೆಯೊಳಗಿನ ಕೊಳವೆಯದೋ ಬಚ್ಚಲಿನದೋ ಆಗಿರುವ ಸಂಭವ ಹೆಚ್ಚು. ರಾತ್ರಿ ನಲ್ಲಿಗಳನ್ನೆಲ್ಲ ಬಂದುಮಾಡಿ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿಟ್ಟು ಬೆಳಗ್ಗೆ ನೋಡಿದಾಗ ಮಟ್ಟವು ಇಳಿದಿದ್ದರೆ, ಟ್ಯಾಂಕಿನಲ್ಲಿಯೋ ಕೊಳವೆಯಲ್ಲಿಯೋ ಸೋರಿಕೆಯುಂಟೆಂದು ತಿಳಿಯುತ್ತದೆ. ಮೇಲಿನ ಮಹಡಿಯ ಬಚ್ಚಲಿನ ಮೇಲೆ ಸಂಶಯವಿದ್ದರೆ, ಅದರ ನೀರುಕಿಂಡಿಯನ್ನು ಮುಚ್ಚಿ, ಬಣ್ಣ ಬೆರೆಸಿದ ನೀರನ್ನು ನೆಲದ ಮೇಲೆ ನಿಲ್ಲಿಸಿ, ಕೆಳಗಿನ ಸೂರಿನಲ್ಲಿ ಆ ಬಣ್ಣ ಕಾಣುವುದೋ ಎಂದು ಪರೀಕ್ಷಿಸುತ್ತಾರೆ. ಇನ್ನು ನೆಲದಿಂದ ಮೇಲಕ್ಕೆ ಎರಡು ಮೂರು ಅಡಿಯವರೆಗೆ ಏರಿ, ಬಿಳಿಯ ಉಪ್ಪನ್ನು ಉಗುಳುತ್ತ ನಿಲ್ಲುವ ತೇವವು ಭೂಮಿಯಿಂದಲೇ ಬಂದುದು. ಇಟ್ಟಿಗೆಯು ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಮೇಲಕ್ಕೆ ಹೀರುತ್ತದೆ. ಅದನ್ನು ತಡೆಯಲು ತಳಪಾಯದ ಮೇಲೆ ಹಾಕಬೇಕಾದ ನೀರು ತಡೆಯುವ ಪದರವು ಇಲ್ಲದಿದ್ದಲ್ಲಿ, ಅಥವಾ ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ರಸ್ತೆಯ ಮಟ್ಟವು ಮನೆಯ ಜಗುಲಿಯ ಮಟ್ಟಕ್ಕೆ ಬಂದಿದ್ದಲ್ಲಿ, ಎಷ್ಟು ಸಲ ಬಣ್ಣ ಬಳಿದರೂ ಅದು ವ್ಯರ್ಥವೇ.

ಇವುಗಳಲ್ಲಿ ಯಾವುದೂ ಬಾಡಿಗೆದಾರರ ದೋಷವಲ್ಲ. ಆದರೆ ಅವರ ಪಾಲಿನ ದೋಷಗಳೂ ಇಲ್ಲದಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ, ನೀರಿಲ್ಲದ ಹೊತ್ತಿನಲ್ಲಿ ತಿರುಗಿಸಿದ ನಲ್ಲಿಯನ್ನು ಹಾಗೆಯೇ ಬಿಟ್ಟು ಊರಿಗೆ ಹೋದವರ ಮನೆಯಿಂದ ಕೆಳಮನೆಗೆ ಪ್ರವಾಹ ಇಳಿಯುವುದುಂಟು. ಮಾಲೀಕರನ್ನು ಕೇಳದೆ ಗೋಡೆಗೆ ಡ್ರಿಲ್ ಹಾಕಿಸಿ ಒಳಗಿನ ಕೊಳವೆಯನ್ನು ತೂತು ಮಾಡುವುದು, ಬಟ್ಟೆ ಒಗೆಯುವ ಯಂತ್ರದ ಕೊಳವೆಯನ್ನು ಸರಿಯಾಗಿ ಜೋಡಿಸದಿರುವುದು, ಹೂಕುಂಡಗಳ ಎಲೆ ಮಣ್ಣುಗಳು ತಾರಸಿಯ ನೀರುಕಿಂಡಿಯನ್ನು ಮುಚ್ಚಿದರೂ ಸುಮ್ಮನಿರುವುದು, ಇವು ನಿಸ್ಸಂದೇಹವಾಗಿ ವಾಸಿಸುವವರ ಹೊಣೆ. ಕಟ್ಟಡದ ಶರೀರದಲ್ಲಿ ಹುಟ್ಟಿದ ದೋಷ ಮಾಲೀಕರದು, ಬಳಕೆಯಲ್ಲಿ ಹುಟ್ಟಿದ ದೋಷ ಬಾಡಿಗೆದಾರರದು ಎಂಬ ವಿಭಾಗವು ಸಾಮಾನ್ಯ ವಿವೇಕಕ್ಕೆ ಒಪ್ಪುವಂಥದು.

ಹಾಗಾದರೆ ಶಾಸನವು ಏನು ಹೇಳುತ್ತದೆ? ಈ ಪ್ರಶ್ನೆಯಲ್ಲಿ ಬಹುಮಂದಿ ಎಡವುತ್ತಾರೆ. ನಮ್ಮ ದೇಶದಲ್ಲಿ ಬಾಡಿಗೆಯ ಸಂಬಂಧದ ಮೂಲ ನಿಯಮಗಳು 1882ರ ಸ್ವತ್ತು ವರ್ಗಾವಣೆ ಅಧಿನಿಯಮದಲ್ಲಿವೆ. ಅದರ 108ನೆಯ ಪ್ರಕರಣವು ಉಭಯರ ಹಕ್ಕು ಬಾಧ್ಯತೆಗಳನ್ನು ಎಣಿಸಿ ಹೇಳುತ್ತದೆ. ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಬಾಡಿಗೆದಾರರಿಗೆ ಗೋಚರಿಸದಂತಹ, ಆದರೆ ಮಾಲೀಕರಿಗೆ ತಿಳಿದಿರುವಂತಹ ಮುಖ್ಯ ದೋಷವನ್ನು ಮಾಲೀಕರು ಮೊದಲೇ ತಿಳಿಸತಕ್ಕದ್ದು ಎಂಬುದು ಅಲ್ಲಿಯ ಮೊದಲನೆಯ ನಿಯಮ. ಹಿಂದಿನ ಮಳೆಗಾಲದ ಕಲೆಯ ಮೇಲೆ ಹೊಸ ಬಣ್ಣ ಬಳಿಸಿ, ಬೇಸಗೆಯಲ್ಲಿ ಮನೆ ತೋರಿಸಿ ಬಾಡಿಗೆಗೆ ಕೊಡುವವರು ಈ ನಿಯಮವನ್ನು ಮುರಿಯುತ್ತಾರೆ. ಬಾಡಿಗೆದಾರರಾದರೋ ಮನೆಯನ್ನು ತಾವು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು. ಆದರೆ ನ್ಯಾಯವಾದ ಬಳಕೆಯಿಂದ ಆಗುವ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದ ಆದ ಹಾನಿಗೂ ಅವರು ಹೊಣೆಗಾರರಲ್ಲ. ಮಾಲೀಕರು ತಾವು ಮಾಡಿಸಬೇಕಾದ ದುರಸ್ತಿಯನ್ನು, ನೋಟೀಸು ಕೊಟ್ಟ ಬಳಿಕ ಯುಕ್ತವಾದ ಕಾಲದೊಳಗೆ ಮಾಡಿಸದೆ ಅಲಕ್ಷಿಸಿದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ಅದೇ ಪ್ರಕರಣವು ಹೇಳುತ್ತದೆ.

ಈ ಕೊನೆಯ ಮಾತನ್ನು ಓದಿ ಸಂತೋಷಪಡುವವರು ಅದರಲ್ಲಿಯ ಒಂದು ಪದಪುಂಜವನ್ನು ಗಮನಿಸಬೇಕು: ‘ತಾವು ಮಾಡಿಸಬೇಕಾದ ದುರಸ್ತಿ’. ಯಾವ ದುರಸ್ತಿಗೆ ಮಾಲೀಕರು ಬದ್ಧರೆಂಬುದನ್ನು ಆ ಪ್ರಕರಣವು ಸ್ವತಃ ನಿರ್ಣಯಿಸುವುದಿಲ್ಲ. ಅದಲ್ಲದೆ, ಅಲ್ಲಿಯ ನಿಯಮಗಳೆಲ್ಲವೂ ಅವುಗಳಿಗೆ ವ್ಯತಿರಿಕ್ತವಾದ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದಾಗ ಮಾತ್ರ ಅನ್ವಯಿಸುತ್ತವೆ. ಅಂದರೆ ಎಲ್ಲವೂ ಕಡೆಗೆ ಕರಾರುಪತ್ರದ ಮೇಲೆ ಬಂದು ನಿಲ್ಲುತ್ತದೆ. ಕರ್ನಾಟಕದ 1999ರ ಬಾಡಿಗೆ ಅಧಿನಿಯಮದಿಂದ ರಕ್ಷಣೆ ದೊರೆಯಬಹುದೆಂದು ಎಣಿಸುವವರಿಗೆ, ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯುಳ್ಳ ಮನೆಗಳು ಅದರ ವ್ಯಾಪ್ತಿಗೆ ಸೇರುವುದಿಲ್ಲವೆಂಬುದನ್ನು ಹೇಳಬೇಕಾಗಿದೆ. ಇಂದು ಆ ಮೊತ್ತಕ್ಕೆ ನಗರದಲ್ಲಿ ಒಂದು ಕೊಠಡಿಯೂ ದೊರೆಯುವುದು ದುರ್ಲಭ.

ಕೇಂದ್ರ ಸಚಿವ ಸಂಪುಟವು 2021ರ ಜೂನ್ ತಿಂಗಳಿನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ಈ ಅಸ್ಪಷ್ಟತೆಗೆ ಪರಿಹಾರವುಂಟು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಪಡೆಯಕೂಡದೆಂದು ಅದು ವಿಧಿಸುತ್ತದೆ. ಕಟ್ಟಡದ ರಚನೆಯ ದುರಸ್ತಿ, ಗೋಡೆಗಳ ಸುಣ್ಣಬಣ್ಣ, ಕೊಳವೆಗಳ ಬದಲಾವಣೆ ಮಾಲೀಕರ ಪಾಲಿಗೆ. ನಲ್ಲಿ ಮತ್ತು ಅದರ ವಾಷರು, ಚರಂಡಿಯ ಶುದ್ಧಿ, ಗೀಸರಿನ ದುರಸ್ತಿ ಬಾಡಿಗೆದಾರರ ಪಾಲಿಗೆ ಎಂದು ಅನುಬಂಧದಲ್ಲಿ ಹಂಚಿಕೊಟ್ಟಿದೆ. ಮಾಲೀಕರು ದುರಸ್ತಿಯನ್ನು ನಿರಾಕರಿಸಿದಾಗ ಬಾಡಿಗೆದಾರರು ತಾವೇ ಮಾಡಿಸಿ ಹಣ ಮುರಿದುಕೊಳ್ಳಬಹುದು, ಆದರೆ ಯಾವುದೇ ಒಂದು ತಿಂಗಳಿನಲ್ಲಿ ಮುರಿಯುವುದು ಬಾಡಿಗೆಯ ಅರ್ಧವನ್ನು ಮೀರಬಾರದು. ಮಾದರಿಯೆಂಬ ಹೆಸರೇ ಹೇಳುವಂತೆ, ರಾಜ್ಯವೊಂದು ತನ್ನ ಶಾಸನವನ್ನಾಗಿ ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ. ಹಾಗಿದ್ದರೂ ಆ ಹಂಚಿಕೆಯನ್ನು ತಮ್ಮ ಕರಾರಿನಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಾನು ಒತ್ತಿ ಹೇಳಬಯಸುವುದು ಇದನ್ನೇ. ನಮ್ಮಲ್ಲಿ ಬಾಡಿಗೆಯ ಕರಾರು ಬಹುಪಾಲು ಹನ್ನೊಂದು ತಿಂಗಳಿನದು; ಒಂದು ವರ್ಷವನ್ನು ಮೀರಿದ ಗೇಣಿಪತ್ರಕ್ಕೆ ನೋಂದಣಿ ಕಡ್ಡಾಯವಾದುದರಿಂದ ಈ ರೂಢಿ ಬಂದಿದೆ. ಟೈಪು ಮಾಡುವ ಅಂಗಡಿಯಲ್ಲಿ ಸಿದ್ಧವಾಗಿರುವ ನಮೂನೆಯಲ್ಲಿ ಹೆಸರು, ವಿಳಾಸ, ಮೊತ್ತಗಳನ್ನು ತುಂಬಿ, ಛಾಪಾ ಕಾಗದದ ಮೇಲೆ ರುಜು ಹಾಕಿ ಮುಗಿಸುತ್ತಾರೆ. ಆ ನಮೂನೆಯಲ್ಲಿ ಬಾಡಿಗೆದಾರರು ಮೊಳೆ ಹೊಡೆಯಬಾರದು, ಉಪಬಾಡಿಗೆಗೆ ಕೊಡಬಾರದು, ಬಿಡುವಾಗ ಬಣ್ಣದ ಖರ್ಚು ಕೊಡಬೇಕು ಎಂಬುದೆಲ್ಲ ಇರುತ್ತದೆ. ಮನೆ ಸೋರಿದರೆ ಮಾಲೀಕರು ಎಷ್ಟು ದಿನದೊಳಗೆ ಸರಿಪಡಿಸಬೇಕೆಂಬ ಒಂದು ವಾಕ್ಯ ಇರುವುದಿಲ್ಲ. ಆ ಒಂದು ವಾಕ್ಯದ ಅಭಾವದಿಂದ ಎಷ್ಟು ಸಂಸಾರಗಳು ವರ್ಷಗಟ್ಟಲೆ ಒದ್ದೆಗೋಡೆಯ ಬಳಿ ಮಕ್ಕಳನ್ನು ಮಲಗಿಸುತ್ತಿವೆಯೆಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ. ಬೂಷ್ಟಿನ ಗಾಳಿಯು ಉಬ್ಬಸದವರಿಗೆ ಅಪಾಯಕರ; ಸ್ವಿಚ್ ಬೋರ್ಡಿಗೆ ತಾಗಿದ ತೇವವು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಅಂತಹ ಗೋಡೆಯಿದ್ದಲ್ಲಿ ಮೊದಲು ಮೈನ್ ಸ್ವಿಚ್ಚನ್ನು ಆರಿಸಿ, ಆಮೇಲೆ ಫೋನು ಮಾಡತಕ್ಕದ್ದು.

ಮಾಲೀಕರ ಕಷ್ಟವನ್ನೂ ನಾವು ಅಲ್ಲಗಳೆಯಬಾರದು. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲೊಂದು ಮನೆ ಕಟ್ಟಿ, ಅದರ ಬಾಡಿಗೆಯಿಂದಲೇ ಔಷಧಿಯ ಖರ್ಚನ್ನು ತೂಗಿಸುವ ವೃದ್ಧದಂಪತಿಗಳು ಈ ನಗರದಲ್ಲಿ ಅನೇಕರಿದ್ದಾರೆ. ತಾರಸಿಯ ದುರಸ್ತಿಯು ಅವರಿಗೆ ಹಲವು ತಿಂಗಳ ಆದಾಯವನ್ನು ನುಂಗುವಂಥದು. ಆದರೂ ಮೊದಲ ಮಳೆಗಾಲದ ಸಣ್ಣ ಬಿರುಕು ಮೂರನೆಯ ಮಳೆಗಾಲದ ವೇಳೆಗೆ ಸರಳಿನ ತುಕ್ಕಾಗಿ ಪರಿಣಮಿಸುವುದರಿಂದ, ವಿಳಂಬವು ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ ನಷ್ಟ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯ ಬಚ್ಚಲು ಸೋರಿದಾಗಲಂತೂ, ಮೇಲಿನವರೊಡನೆಯಾಗಲಿ ಸಂಘದೊಡನೆಯಾಗಲಿ ವ್ಯವಹರಿಸುವ ಅಧಿಕಾರ ಮಾಲೀಕರಿಗೆ ಇರುವಷ್ಟು ಬಾಡಿಗೆದಾರರಿಗೆ ಇರುವುದಿಲ್ಲ. ಆ ಕೆಲಸವನ್ನು ಅವರೇ ಮುಂದೆ ನಿಂತು ಮಾಡಿಸಬೇಕು.

ಯಾರ ದೋಷವೂ ಇಲ್ಲದ ಹಾನಿಯೂ ಉಂಟು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಒಂದೇ ರಾತ್ರಿಗೆ ಸುಮಾರು 130 ಮಿಲಿಮೀಟರ್ ಮಳೆ ಸುರಿದು ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳು ಮುಳುಗಿದಾಗ, ನೆಲಮಹಡಿಯ ಬಾಡಿಗೆದಾರರು ತಮ್ಮ ಸಾಮಾನುಗಳನ್ನು ಯಾರಿಂದಲೂ ವಸೂಲು ಮಾಡಲಾಗದೆ ಕಳೆದುಕೊಂಡರು. ಪ್ರವಾಹದಿಂದ ಮನೆಯ ಮುಖ್ಯಭಾಗವು ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾದರೆ ಗೇಣಿಯನ್ನು ರದ್ದುಪಡಿಸುವ ಆಯ್ಕೆಯನ್ನು 108ನೆಯ ಪ್ರಕರಣವು ಬಾಡಿಗೆದಾರರಿಗೆ ಕೊಡುತ್ತದೆ. ಸಾಮಾನಿನ ಬೆಲೆಯನ್ನು ಅದು ಕೊಡಿಸುವುದಿಲ್ಲ. ಅದಕ್ಕೆ ವಿಮೆಯೇ ಗತಿ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಪ್ರವಾಹವನ್ನೂ, ಟ್ಯಾಂಕು ಕೊಳವೆಗಳು ಒಡೆದು ಹರಿಯುವುದನ್ನೂ ಒಳಗೊಂಡಿದೆ; ಮನೆ ತಮ್ಮದಲ್ಲದವರೂ ಒಳಗಿನ ಸಾಮಾನಿಗಷ್ಟೇ ಅದನ್ನು ಪಡೆಯಬಹುದು.

ಸೋರಿಕೆ ಕಂಡ ದಿನವೇ ಚಿತ್ರ ತೆಗೆದು, ತಾರೀಖಿನೊಡನೆ ವಾಟ್ಸಾಪಿನಲ್ಲಾದರೂ ಮಾಲೀಕರಿಗೆ ಬರೆದು ತಿಳಿಸಿರಿ. ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿರಿ. ಕೋಪದಿಂದ ಬಾಡಿಗೆಯನ್ನೇ ನಿಲ್ಲಿಸಿದವರು ಬಾಕಿದಾರರೆಂದು ಪರಿಗಣಿತರಾಗಿ ನ್ಯಾಯಾಲಯದಲ್ಲಿ ತಮ್ಮ ಪಕ್ಷವನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ. ಮನೆಗೆ ಬರುವ ದಿನ ಮಾಲೀಕರೂ ಬಾಡಿಗೆದಾರರೂ ಒಟ್ಟಿಗೆ ಕೋಣೆ ಕೋಣೆಯನ್ನೂ ನೋಡಿ, ಇರುವ ಕಲೆಗಳನ್ನು ಬರೆದು ಇಬ್ಬರೂ ರುಜು ಹಾಕಿರಿ. ಮುಂದಿನ ಕರಾರನ್ನು ಟೈಪು ಮಾಡಿಸುವಾಗ, ‘ತಾರಸಿ, ಗೋಡೆ, ಒಳಕೊಳವೆಗಳ ಸೋರಿಕೆಯನ್ನು ಬರವಣಿಗೆಯಲ್ಲಿ ತಿಳಿಸಿದ ಹದಿನೈದು ದಿನಗಳೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ದುರಸ್ತಿ ಮಾಡಿಸತಕ್ಕದ್ದು, ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ, ರಸೀದಿ ತೋರಿಸಿ, ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು’ ಎಂಬ ಮಾತನ್ನು ಸೇರಿಸಿದ ಹೊರತು ರುಜು ಹಾಕಬೇಡಿರೆಂದು ಓದುಗರಲ್ಲಿ ಪ್ರಾರ್ಥಿಸುತ್ತೇನೆ.