ಕೇಸರಿ ಹಾಲು: ನಂಬಿಕೆ ಎಷ್ಟು, ಗುಣ ಎಷ್ಟು?

ಶಿಡ್ಲಘಟ್ಟ ಸೀಮೆಯ ದಿಬ್ಬೂರಹಳ್ಳಿಯ ಸುತ್ತಿನ ರೇಷ್ಮೆ ಬೆಳೆಗಾರರಿಗೆ ಗೂಡಿನ ಪರೀಕ್ಷೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆರಳಿನಲ್ಲಿ ಒತ್ತಿದೊಡನೆ ಗಟ್ಟಿ ಯಾವುದು, ಪೊಳ್ಳು ಯಾವುದು ಎಂಬುದು ಅವರಿಗೆ ತಿಳಿದುಹೋಗುತ್ತದೆ. ಆದರೆ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ಪೇಟೆಯಿಂದ ತರುವ ಕೇಸರಿಯ ಪುಟ್ಟ ಡಬ್ಬಿಯನ್ನು ಹಾಗೆ ಒರೆಗೆ ಹಚ್ಚುವವರು ವಿರಳ. ದಿಬ್ಬೂರಹಳ್ಳಿಗೆ ಸಲ್ಲುವ ಈ ಮಾತು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಿಗೂ ಅಷ್ಟೇ ಸಲ್ಲುತ್ತದೆ.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುವುದೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಮೈಬಣ್ಣ ತಂದೆತಾಯಿಗಳಿಂದ ಬರುವ ಬಳುವಳಿ. ಕೇಸರಿಯಲ್ಲಿರುವ ಕ್ರೋಸಿನ್ ಎಂಬ ವಸ್ತು ಹಾಲಿಗೆ ಬಣ್ಣ ಕೊಟ್ಟೀತೇ ಹೊರತು ಗರ್ಭದಲ್ಲಿರುವ ಶಿಶುವಿಗಲ್ಲ. ಕಪ್ಪು ಮಗುವೇನು ಕಡಿಮೆಯೇ ಎಂಬ ಪ್ರಶ್ನೆ ಬೇರೆಯೇ ಇದೆ!

ಹಾಗೆಂದು ಕೇಸರಿ ನಿರ್ಗುಣವಲ್ಲ. ಕಾಶ್ಮೀರದ ಪಾಂಪೋರ್ ಬಯಲಿನಲ್ಲಿ ಅಕ್ಟೋಬರ್ ಕೊನೆಯ ವೇಳೆಗೆ ಅರಳುವ ನೇರಳೆ ಹೂವೊಂದರಲ್ಲಿ ದೊರೆಯುವುದು ಮೂರೇ ಎಳೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳು ಬೇಕು. ಇರಾನಿನ ವೈದ್ಯರು ದಿನಕ್ಕೆ 30 ಮಿಲಿಗ್ರಾಂ, ಎಂದರೆ ಹದಿನೈದು ಎಳೆಗಳಷ್ಟು ಕೇಸರಿಯ ಸಾರವನ್ನು ಆರೆಂಟು ವಾರ ಕೊಟ್ಟು ನೋಡಿದಾಗ, ಸೌಮ್ಯ ರೂಪದ ಮನೋಖಿನ್ನತೆಯಿಂದ ಬಳಲುತ್ತಿದ್ದವರಲ್ಲಿ ಚೇತರಿಕೆ ಕಂಡಿತು. ಆ ಪ್ರಯೋಗಗಳಿಗೆ ಒಳಗಾದವರ ಸಂಖ್ಯೆ ಚಿಕ್ಕದು. ಆದುದರಿಂದ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಬಿಟ್ಟು ಕೇಸರಿಯನ್ನು ಹಿಡಿಯುವುದು ವಿವೇಕವಲ್ಲ.

ಅಡಿಗೆಗೆ, ಹಾಲಿಗೆ ಎರಡು ಮೂರು ಎಳೆ ಹಾಕಿದರೆ ಭಯವಿಲ್ಲ. ಆದರೆ ಅತಿಯಾದ ಪ್ರಮಾಣ ಗರ್ಭಕೋಶವನ್ನು ಸಂಕುಚಿಸಬಲ್ಲದು. ಐದು ಗ್ರಾಂ ದಾಟಿದರೆ ಯಾರಿಗಾದರೂ ವಿಷವೇ. ಬಸುರಿಯರನ್ನು ಹೆಚ್ಚಾಗಿ ಕಾಡುವ ರಕ್ತಹೀನತೆಗಂತೂ ಕೇಸರಿ ಮದ್ದಲ್ಲ. ಅದಕ್ಕೆ ಬೇಕಾದ ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಗ್ರಾಮಿಗೆ ನೂರಾರು ರೂಪಾಯಿ ತೆತ್ತು ಕೇಸರಿಯನ್ನು ತರುವ ಮನೆಯಲ್ಲೇ ಆ ಮಾತ್ರೆ ಕಪಾಟಿನಲ್ಲಿ ಉಳಿದರೆ ನಷ್ಟ ತಾಯಿಗೆ, ಮಗುವಿಗೆ.

ಇನ್ನು ಕಲಬೆರಕೆಯ ಮಾತು. ನಮ್ಮ ಬಿಜಾಪುರ, ಗದಗ ಸೀಮೆಯ ಎಣ್ಣೆಬೀಜದ ಬೆಳೆಯಾದ ಕುಸುಬೆಯ ಹೂವಿನ ಎಸಳು ಒಣಗಿದಾಗ ಕೇಸರಿಯನ್ನೇ ಹೋಲುತ್ತದೆ. ಬಣ್ಣ ಅದ್ದಿದ ಮುಸುಕಿನ ಜೋಳದ ಕೂದಲೂ ಅದೇ ವೇಷದಲ್ಲಿ ಬರುವುದುಂಟು. ಕೃತಕ ಬಣ್ಣಗಳ ಹಾವಳಿ ಎಷ್ಟೆಂದರೆ, ರೋಡಮಿನ್-ಬಿ ಬೆರೆಸಿದ ಬೊಂಬಾಯಿ ಮಿಠಾಯಿಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ನಿಷೇಧಿಸಬೇಕಾಯಿತು. ನಮ್ಮ ಕೇಸರಿಭಾತಿನಲ್ಲಿಯೂ ಕೇಸರಿ ಹೆಸರಿಗಷ್ಟೇ ಇರುವುದು ಹೆಚ್ಚು.

ಕೇಸರಿಯನ್ನು ಒರೆಗೆ ಹಚ್ಚಲು ಅರ್ಧ ಲೋಟ ತಣ್ಣೀರು ಸಾಕು. ನಾಲ್ಕು ಎಳೆ ಹಾಕಿ ಕಾಲುಗಂಟೆ ಕಾಯಬೇಕು. ಅಪ್ಪಟ ಕೇಸರಿ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕ್ಷಣದಲ್ಲೇ ನೀರು ಕೆಂಪೇರಿ ಎಳೆ ಬಿಳಿಚಿಕೊಂಡರೆ ಆ ಡಬ್ಬಿ ಅಡಿಗೆಮನೆಯನ್ನು ಸೇರಕೂಡದು.