ಕಿವುಡ ವಿದ್ಯಾರ್ಥಿಗಳಿಗೆ ಇಂಗ್ಲಿಷ್: ತರಗತಿಗೆ ಮುನ್ನ ಪರೀಕ್ಷೆ ಏಕೆ?

ಅಮೆರಿಕದ ವಾಷಿಂಗ್ಟನ್ ನಗರದ ಗ್ಯಾಲೊಡೆಟ್ ವಿಶ್ವವಿದ್ಯಾನಿಲಯವು ಕಿವುಡರಿಗಾಗಿಯೇ ಇರುವ ಸಂಸ್ಥೆ. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾಯಿದೆಯಿಂದ ಅದಕ್ಕೆ ಪದವಿ ನೀಡುವ ಅಧಿಕಾರ ದೊರೆಯಿತು. ಹೊರದೇಶದ ಕಿವುಡ ವಿದ್ಯಾರ್ಥಿಗಳಿಗೆ ಅಲ್ಲಿ ಇಂಗ್ಲಿಷ್ ಕಲಿಸುತ್ತಾ ಬಂದಿದ್ದಾರೆ.

ಇಂತಹ ಕಡೆ ಸೇರಿದ ಕೂಡಲೇ ಪಾಠ ಶುರುವಾಗುವುದಿಲ್ಲ. ಮೊದಲು ಪರಿಚಯ ಕಾರ್ಯಕ್ರಮ, ಬಳಿಕ ಯಾವ ಹಂತದ ತರಗತಿ ಎಂದು ನಿರ್ಧರಿಸುವ ಪರೀಕ್ಷೆ. ಇದರಲ್ಲಿ ಪಾಸು, ಫೇಲು ಎಂಬುದಿಲ್ಲ.

ಸಾಮಾನ್ಯ ಇಂಗ್ಲಿಷ್ ಪರೀಕ್ಷೆಗಳಲ್ಲಿ ಕೇಳಿಸಿಕೊಂಡು ಉತ್ತರಿಸುವ ಭಾಗವಿರುತ್ತದೆ. ಅದನ್ನೇ ಕಿವುಡರಿಗೆ ಕೊಟ್ಟರೆ ಅವರ ಇಂಗ್ಲಿಷ್ ಎಷ್ಟಿದೆ ಎಂಬುದು ತಿಳಿಯುವುದೇ ಇಲ್ಲ. ಆದುದರಿಂದ ಓದು, ಬರವಣಿಗೆಯನ್ನೇ ನೋಡಬೇಕು. ಸಂಜ್ಞಾ ಭಾಷೆಯ ಜ್ಞಾನವನ್ನು ಬೇರೆಯಾಗಿಯೇ ಅಳೆಯಬೇಕು.

ಸಂಜ್ಞಾ ಭಾಷೆ ಲೋಕಕ್ಕೆಲ್ಲ ಒಂದೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈಗಳಿಂದ ತೋರಿಸುತ್ತಾರೆ. ಅಮೆರಿಕದಲ್ಲಿ ಒಂದೇ ಕೈ. ನಮ್ಮೂರಿನ ಹುಡುಗ ಚೆನ್ನಾಗಿ ಇಂಗ್ಲಿಷ್ ಓದಬಲ್ಲವನಾದರೂ ಅಲ್ಲಿನ ಪರೀಕ್ಷಕರ ಸೂಚನೆಯೇ ಅರ್ಥವಾಗದೆ ಸುಮ್ಮನೆ ಕುಳಿತಾನು. ಆ ಅಂಕ ನೋಡಿ ಕೆಳಗಿನ ತರಗತಿಗೆ ಹಾಕಿದರೆ ತಿಂಗಳುಗಳೂ ಶುಲ್ಕವೂ ವ್ಯರ್ಥ. ಸೂಚನೆಯನ್ನು ಬರಹದಲ್ಲೂ ಕೊಟ್ಟು, ಒಂದು ಮಾದರಿ ಪ್ರಶ್ನೆಯನ್ನು ಮಾಡಿ ತೋರಿಸಿದ ಮೇಲೆಯೇ ಪರೀಕ್ಷೆ ನಡೆಸುವುದು ಸರಿ ಎಂದು ನಾವು ಭಾವಿಸುತ್ತೇವೆ. ಪರಿಚಯ ಕಾರ್ಯಕ್ರಮ ಮೊದಲೇ ಇರಬೇಕಾದುದೂ ಇದಕ್ಕಾಗಿಯೇ.

ಹೆತ್ತವರು ಈ ಪರೀಕ್ಷೆಗೆಂದು ಟ್ಯೂಷನ್ ಕೊಡಿಸಿ ಅಂಕ ಏರಿಸಲು ಹೋಗಬಾರದು. ಶಕ್ತಿ ಮೀರಿದ ತರಗತಿಗೆ ಸೇರಿದ ವಿದ್ಯಾರ್ಥಿ ಬೇಗನೆ ಹಿಂದೆ ಬೀಳುತ್ತಾನೆ. ಅದರ ಬದಲು, ಹೊರಡುವ ಮುನ್ನ ಒಂದು ಕೈಯ ಅಕ್ಷರಮಾಲೆಯನ್ನು ಕಲಿತುಕೊಂಡರೆ ಮೊದಲ ದಿನವೇ ತನ್ನ ಹೆಸರನ್ನಾದರೂ ತಾನೇ ಹೇಳಿಕೊಳ್ಳಬಹುದು.